ಛತ್ರಿ ಕಳೆದುಕೊಂಡ ಸಾಹೇಬ

ಕ್ಯಾಸೆಟ್ ಸಿಕ್ಕಿತ್ತು, ಅದನ್ನು ಹಾಕಿ ಕೇಳಲು ಟೇಪ್ ರೆಕಾರ್ಡರ್ ಇರಲಿಲ್ಲ. ಮಲ್ಕಮ್ಮನ ಪಜೀತಿ ಶುರುವಾದದ್ದೇ ಅಲ್ಲಿಂದ.

೧೯೯೪ರ ಏಪ್ರಿಲ್. ಕಮಲಾಪುರದ ಮಲ್ಕಮ್ಮ ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನವರು ನಡೆಸುವ ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಲ್ಲಿ ಓದುವುದು, ಬರೆಯುವುದು ಅವಳಿಗೆ ಸಲೀಸು. ಕೇಳುವ ಭಾಗದಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಿದ್ದಳು. ಕ್ಯಾಸೆಟ್ಟಿನ ಸಾಹೇಬ ಬಿಸಿ ಮಿರ್ಚಿ ಭಜಿ ಬಾಯಲ್ಲಿಟ್ಟುಕೊಂಡವನಂತೆ ಮಾತಾಡಿದರೆ ಯಾರಿಗೆ ತಿಳಿಯಬೇಕು? ಈ ಸಲ ಪಾಸಾದರೆ ಜೂನ್ ಒಂದರಿಂದ ಊರಿನ ಹೊಸ ಶಾಲೆಯಲ್ಲಿ ಟೀಚರ್ ಕೆಲಸ. ಇಲ್ಲದಿದ್ದರೆ ಆ ಕುರ್ಚಿ ಬೇರೆಯವರಿಗೆ. ಪರೀಕ್ಷೆ ಮಧ್ಯಾಹ್ನ ಮೂರಕ್ಕೆ. ಲೈಬ್ರರಿಯವರು ಅದುವರೆಗೆ ಯಾರೂ ಮುಟ್ಟದ ಅಭ್ಯಾಸದ ಕ್ಯಾಸೆಟ್ಟನ್ನೂ ಇಪ್ಪತ್ತು ಪ್ರಶ್ನೆಗಳ ಹಾಳೆಯನ್ನೂ ಕೊಟ್ಟದ್ದು ಹಿಂದಿನ ಸಂಜೆ.

ಪರೀಕ್ಷೆಯ ದಿನ ಬೆಳಗ್ಗೆ ಎಂಟಕ್ಕೇ ಪಕ್ಕದ ಮನೆಯ ಖುರ್ಷೀದ್ ಬೇಗಂ ಬಾಗಿಲಿಗೆ ಹೋದಳು. ಆ ಓಣಿಗೆಲ್ಲ ಟೇಪ್ ಇದ್ದದ್ದು ಅವರೊಬ್ಬರ ಮನೆಯಲ್ಲಿ.

"ಖಾಲಾ, ಎರಡು ತಾಸು ಟೇಪ್ ಕೊಡ್ರಿ."

"ಮನಿ ಬಿಟ್ಟು ಕೊಡಾಂಗಿಲ್ಲ ಬೇಟಿ. ಇಲ್ಲೇ ಕುಂತು ಕೇಳು. ನಾನೂ ಕೇಳ್ತೀನಿ."

ಟೇಪ್ ತಿರುಗಿತು. ಸಾಹೇಬನೊಬ್ಬ ಸ್ಟೇಷನ್ ಕ್ಲರ್ಕನ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದ.

"ಏನಂತಾನ?"

"ರೈಲಿನ್ಯಾಗ ಛತ್ರಿ ಕಳಕೊಂಡಾನಂತ್ರಿ."

"ಅಯ್ಯೋ ಪಾಪ! ಯಾವ ಬಣ್ಣದ್ದು?"

ಮೂರನೇ ಪ್ರಶ್ನೆಯೇ ಅದು. ಮಲ್ಕಮ್ಮ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಸೈಕಲ್ ಅಂಗಡಿಯ ನಬಿಸಾಬ್ ಬಂದು ಕೂತ. "ಶುರುದಿಂದ ಹಚ್ಚವ್ವಾ, ನನಗ ಏನೂ ತಿಳಿವಲ್ದು" ಎಂದ. ಹೊಸಬರು ಬಂದಾಗೆಲ್ಲ ಶುರುವಿನಿಂದ. ಹತ್ತು ಗಂಟೆಗೆ ಅಂಗಳದಲ್ಲಿ ಎಂಟು ಮಂದಿ.

"ಆ ಕ್ಲರ್ಕೇ ಛತ್ರಿ ಹೊಡ್ದಾನ. ಅದಕ್ಕೇ ಇಷ್ಟು ಸವಾಲು ಕೇಳ್ಲಾಕತ್ತಾನ" ಎಂದ ನಬಿಸಾಬ್.

"ಚಾಚಾ, ಸುಮ್ನಿರ್ರಿ. ನನ್ನ ಪರೀಕ್ಷಾ ಅದ!"

ಸಾಹೇಬ ಹನ್ನೊಂದನೇ ಪ್ರಶ್ನೆಗೆ ಬಂದಾಗ ಯಂತ್ರ ರೀಲನ್ನು ಶಾವಿಗೆಯಂತೆ ನುಂಗತೊಡಗಿತು. ಮಲ್ಕಮ್ಮ ಅದನ್ನು ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತಿದಳು. ಮತ್ತೆ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ನಬಿಸಾಬ್ ಓಡಿಹೋಗಿ ತನ್ನ ಬ್ಯಾಟರಿ ದೀಪದ ಹಳೆ ಸೆಲ್‌ಗಳನ್ನು ತಂದ. ಸೆಲ್ ಸೋತಿದ್ದವು. ಸಾಹೇಬ ನಿದ್ದೆಗಣ್ಣಿನ ಎಮ್ಮೆಯಂತೆ ರಾಗ ಎಳೆದ. ಆದರೆ ಅವನ ಮಾತು ಒಂದೂ ಬಿಡದೆ ಅವಳಿಗೆ ತಿಳಿದದ್ದು ಆಗಲೇ!

ಇನ್ನೂ ಒಂಬತ್ತು ಪ್ರಶ್ನೆ ಬಾಕಿ. ಹನ್ನೆರಡರ ಬಸ್ಸಿಗೆ ಹೊತ್ತಾಗಿತ್ತು.

"ಖಾಲಾ, ಟೇಪ್ ಒಯ್ಲೇನ್ರಿ?"

"ಟೇಪ್ ಎಲ್ಲೋ ನಾ ಅಲ್ಲೇ" ಎಂದು ಬೇಗಂ ಬುರ್ಖಾ ತೊಟ್ಟರು.

ಬಸ್ಸಿನಲ್ಲಿ ಬೇಗಂ ತೊಡೆಯ ಮೇಲೆ ಟೇಪ್, ಟೇಪಿನ ಮೇಲೆ ಮಲ್ಕಮ್ಮನ ಕಿವಿ. ಮಹಾಗಾಂವ ದಾಟುವಷ್ಟರಲ್ಲಿ ಟೈರ್ ಪಂಕ್ಚರ್. ಜನ ಬೇವಿನ ಗಿಡದ ಕೆಳಗೆ ಇಳಿದು, ಟೇಪಿನ ಸುತ್ತ ಕೂತರು. "ಛತ್ರಿ ಸಿಕ್ತೇನವ್ವಾ?" ಎಂದು ಕಂಡಕ್ಟರ್ ಕೇಳಿದ. ಅವನಿಗೂ ಶುರುವಿನಿಂದ ಹೇಳಬೇಕಾಯಿತು. ಮಲ್ಕಮ್ಮನ ಕಣ್ಣು ಗಡಿಯಾರದ ಮೇಲೆ, ಬಾಯಿ ಮಾತ್ರ ಸಾಹೇಬನ ಜೊತೆಜೊತೆಗೇ ನಡೆಯುತ್ತಿತ್ತು.

ಬೇಗಂರನ್ನು ಗೇಟಿನಲ್ಲಿ ಕೂರಿಸಿ, ಮೂರಕ್ಕೆ ಐದು ನಿಮಿಷವಿರುವಾಗ ಓಡಿ ಬಂದು ಹಾಲ್‌ನಲ್ಲಿ ಕೂತಳು. ಎಪ್ಪತ್ತೊಂದು ವಿದ್ಯಾರ್ಥಿಗಳು. ಮೇಲ್ವಿಚಾರಕ ನೀಲಕಂಠ ಸರ್ ಹಾಳೆ ಹಂಚಿ ಗುಂಡಿ ಒತ್ತಿದರು. ಮೊದಲ ಮಾತು ಕಿವಿಗೆ ಬಿದ್ದದ್ದೇ ಅವಳು ತಲೆ ಎತ್ತಿದಳು. ಅದೇ ಸಾಹೇಬ! ಅದೇ ಛತ್ರಿ! ಹಾಳೆ ನೋಡಿದರೆ ಅವೇ ಇಪ್ಪತ್ತು ಪ್ರಶ್ನೆ.

ಎರಡೇ ನಿಮಿಷದಲ್ಲಿ ಇಪ್ಪತ್ತೂ ಬರೆದು, ಕೈಕಟ್ಟಿ ಕೂತಳು. ಆ ಖುಷಿಯಲ್ಲಿ ನೀಲಕಂಠ ಸರ್ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಸಾಹೇಬ ಇನ್ನಾ ಛತ್ರಿ ಬಣ್ಣಾನೇ ಹೇಳಿಲ್ಲ. ನೀ ಇಪ್ಪತ್ತನೇ ಉತ್ತರ ಹ್ಯಾಂಗ ಬರ್ದಿ?"

ಎಪ್ಪತ್ತು ತಲೆಗಳು ಅವಳತ್ತ ತಿರುಗಿದವು. ಸರ್ ಟೇಪ್ ನಿಲ್ಲಿಸಿದರು.

"ಪೇಪರ್ ಎಲ್ಲಿಂದ ಬಂತು? ಖರೇ ಹೇಳು."

"ಸರ್, ಲೈಬ್ರರಿ ಕ್ಯಾಸೆಟ್ರೀ... ಮುಂಜಾನಿಂದ ಕೇಳಿ ಕೇಳಿ ಬಾಯಿಪಾಠ ಆಗ್ಯಾದ." ಚೀಲದ ಕ್ಯಾಸೆಟ್ಟನ್ನೂ ಹಾಳೆಯನ್ನೂ ತೆಗೆದುಕೊಟ್ಟಳು.

ಸರ್ ಹಾಕಿ ಕೇಳಿದರು. ಅದೇ ಗೋಳು. ಹಾಳೆ ಹೋಲಿಸಿದರು. ಎರಡನ್ನೂ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಹದಿನೈದು ನಿಮಿಷ ಮಲ್ಕಮ್ಮ ಬೆಂಚಿನ ಅಂಚು ಹಿಡಿದೇ ಕೂತಿದ್ದಳು.

ಹಿಂತಿರುಗಿದ ಸರ್ ಮುಖ ಮೆತ್ತಗಾಗಿತ್ತು.

"ನಿಂದೇನೂ ತಪ್ಪಿಲ್ಲವ್ವಾ. ಹೊಸಾ ಪೇಪರ್ ಮಾಡೋ ಬದಲಿ ಯಾರೋ ಅಭ್ಯಾಸದ್ದೇ ಎತ್ತಿ ಇಟ್ಟಾರ. ನೀ ಖರೇ ಹೇಳ್ದಿ, ಭೇಷ್!"

ಮಲ್ಕಮ್ಮನಿಗೆ ಹೋದ ಜೀವ ಬಂದಂತಾಯಿತು. ಸರ್ ಹಾಲ್‌ನತ್ತ ತಿರುಗಿದರು.

"ಎಲ್ಲರೂ ಪೇಪರ್ ವಾಪಸ್ ಕೊಡ್ರಿ. ಪರೀಕ್ಷಾ ರದ್ದು. ಜುಲೈ ಹನ್ನೆರಡಕ್ಕ ಹೊಸಾ ಕ್ಯಾಸೆಟ್ಟು."

ಜೂನ್ ಒಂದರ ಕುರ್ಚಿ ಬೇರೆಯವರ ಪಾಲಾಯಿತು. ಮಲ್ಕಮ್ಮ ಎದ್ದು ಹೊರಟಾಗ ಉಳಿದ ಎಪ್ಪತ್ತು ಮಂದಿ ಬಾಗಿಲಲ್ಲಿ ಕಾಯುತ್ತಿದ್ದರು. ಅವರು ಅಂದದ್ದೆಲ್ಲ ಅಪ್ಪಟ ಕಲಬುರಗಿ ಕನ್ನಡದಲ್ಲಿತ್ತು. ಒಂದಕ್ಷರವೂ ಬಿಡದೆ ಅವಳಿಗೆ ಕೇಳಿಸಿತು.