ಆಷಾಢದ ಹೋಮ್‌ಕಮಿಂಗ್‌ಗೆ ಇನ್ನಷ್ಟು ಖರ್ಚು ಕೋರಿ

ತರೀಕೆರೆಯ ಕೆಂಗಿರಿ ಇಂಗ್ಲಿಷ್ ಹೈಸ್ಕೂಲಿನ ಹೋಮ್‌ಕಮಿಂಗ್ ಸಮಿತಿಯ ಸನ್ಮಾನ್ಯ ಅಧ್ಯಕ್ಷರಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಕಲ ಸದಸ್ಯರಿಗೂ, ಶಾಲೆಯ ಗೇಟಿನಲ್ಲಿ ಅರ್ಧ ಗಾಳಿ ಉಳಿಸಿಕೊಂಡು ಇನ್ನೂ ತೂಗಾಡುತ್ತಿರುವ ಬಲೂನುಗಳಿಗೂ ನನ್ನ ಆದರಪೂರ್ವಕ ನಮಸ್ಕಾರಗಳು. ನಾನು ತಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಶಾಲೆಯ ಎದುರು ಸಾಲಿನ ಹಸಿರು ಗೇಟಿನ ಮನೆಯೇ ನನ್ನ ತವರು. ಕಳೆದ ವೈಶಾಖದಲ್ಲಿ ಅಜ್ಜಂಪುರದ ಹಾರ್ಡ್‌ವೇರ್ ಅಂಗಡಿಯ ಓಂಕಾರೇಶ್ ಅವರನ್ನು ಮದುವೆಯಾಗಿ, ಅವರನ್ನು ‘ನಮ್ಮ ಮನೆಯವರು’ ಎಂದು ಕರೆಯುವ ಅಧಿಕಾರ ಪಡೆದಿದ್ದೇನೆ. ಈ ಪತ್ರದಲ್ಲಿ ಆ ಅಧಿಕಾರವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಚಲಾಯಿಸಿದ್ದರೆ, ಅದು ಕೈಗೆ ಬಂದು ಇನ್ನೂ ಬಹಳ ದಿನವಾಗಿಲ್ಲವೆಂದು ಕ್ಷಮಿಸಬೇಕು. ನಮ್ಮ ಮನೆಯವರ ತಂಗಿ ಅನಿತಾ ತಮ್ಮಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಳೆ. ದಿನವೂ ಅಜ್ಜಂಪುರದಿಂದ ಶಾಲೆಯ ಬಸ್ಸಿನಲ್ಲಿ ಬಂದು ಹೋಗುತ್ತಾಳೆ.

ವಿದೇಶದ ಹೈಸ್ಕೂಲುಗಳಲ್ಲಿ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಶಾಲೆಗೆ ಮರಳುತ್ತಾರೆ, ಆ ವಾರವಿಡೀ ಮಕ್ಕಳು ದಿನಕ್ಕೊಂದು ವೇಷ ತೊಡುತ್ತಾರೆ ಎಂಬುದನ್ನು ತಾವು ಯಾವುದೋ ವಿಡಿಯೊದಲ್ಲಿ ಕಂಡು, ಈ ವರ್ಷ ಆ ಸಂಪ್ರದಾಯವನ್ನು ತರೀಕೆರೆಗೂ ಬರಮಾಡಿಕೊಂಡಿರಿ. ಸೋಮವಾರ ಅವಳಿ ಉಡುಪಿನ ದಿನವೆಂದು ಅನಿತಾ ಮತ್ತು ಅವಳ ಗೆಳತಿ ನಸ್ರೀನ್ ಕಡೂರಿನವರೆಗೆ ಹೋಗಿ ಒಂದೇ ಥಾನಿನ ಬಟ್ಟೆ ಹರಿಸಿ ತಂದು ಹೊಲಿಸಿಕೊಂಡರು. ಮಂಗಳವಾರ ಟೋಪಿಯ ದಿನ, ಬುಧವಾರ ಹಳದಿಯ ದಿನ. ಇದುವರೆಗೆ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಹೆಚ್ಚೆಂದರೆ ಒಂದು ಪೆನ್ನಿನ ರೀಫಿಲ್ಲಿಗೆ ಮುಗಿದುಹೋಗುತ್ತಿದ್ದ ಮಕ್ಕಳ ಕೈಕಾಸು ಈಗ ರಿಬ್ಬನ್ನು, ಹೊಳೆಯುವ ಸ್ಟಿಕ್ಕರು, ಎದೆಗೆ ಚುಚ್ಚುವ ಕಾಗದದ ಹೂವುಗಳ ಕಡೆ ಹರಿಯಿತು. ಗೇಟಿನ ಬಳಿ ಗಾಡಿ ಇಟ್ಟಿರುವ ಮಹಮ್ಮದ್ ಹನೀಫ್ ಅವರು, “ಮಕ್ಳು ಖಾರ ತಿನ್ನೋದೇ ಬಿಟ್ಟವ್ರೆ ಕಣಮ್ಮಾ, ಬರೀ ರಿಬ್ಬನ್ನೇ ತಿಂತಾವೆ” ಎಂದು ನನ್ನಲ್ಲಿ ನೊಂದುಕೊಂಡರು. ಮರುದಿನವೇ ಗಾಡಿಯ ಮೇಲೆ ಮೆಣಸಿನಕಾಯಿಯ ಪಕ್ಕದಲ್ಲಿ ರಿಬ್ಬನ್ನುಗಳನ್ನೂ ನೇತುಹಾಕಿದರು.

ಈ ಖರ್ಚಿನ ಬಗ್ಗೆ ಅನೇಕ ಪೋಷಕರು ತಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಎಂದು ಕೇಳಿದ್ದೇನೆ. ದಯವಿಟ್ಟು ನನ್ನನ್ನು ಅವರ ಗುಂಪಿಗೆ ಸೇರಿಸಬೇಡಿ. ಖರ್ಚು ಸಾಲದು ಎಂಬುದು ನನ್ನ ದೂರು.

ತಮಗೆ ತಿಳಿಯದ್ದೇನಲ್ಲ, ಆಷಾಢದಲ್ಲಿ ಹೊಸ ಸೊಸೆ ಗಂಡನ ಮನೆಯಲ್ಲಿ ಇರುವಂತಿಲ್ಲ; ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ. ಆದ್ದರಿಂದ ನಾನು ಈ ತಿಂಗಳು ತವರಿನಲ್ಲಿದ್ದೇನೆ. ನಮ್ಮ ಮನೆಯವರು ಇಲ್ಲಿಗೆ ಬರುವುದಕ್ಕೂ ನನ್ನ ತಾಯಿ ಒಪ್ಪುವುದಿಲ್ಲ. ಫೋನಿದೆಯಲ್ಲ ಎಂದು ತಾವು ಕೇಳಬಹುದು. ನಮ್ಮ ಮನೆಯವರು ಫೋನಿನಲ್ಲಿ ಮಾತಾಡುವುದು ಸಿಮೆಂಟಿನ ಆರ್ಡರು ತೆಗೆದುಕೊಳ್ಳುವವರ ಹಾಗೆ. ಎರಡು ಸಲ ‘ಸರಿ’ ಎಂದು, ಮೂರನೆಯ ‘ಸರಿ’ಗೆ ಇಟ್ಟುಬಿಡುತ್ತಾರೆ. ಆದರೆ ಎದುರು ನಿಂತಾಗ ಅವರಷ್ಟು ಚೆಂದವಾಗಿ ಸುಮ್ಮನಿರುವವರನ್ನು ನಾನು ಇಡೀ ತಾಲ್ಲೂಕಿನಲ್ಲಿ ಕಂಡಿಲ್ಲ.

ಹೀಗಿರುವಾಗ ತಮ್ಮ ಹೋಮ್‌ಕಮಿಂಗ್ ಬಂತು. ಸೋಮವಾರ ಬೆಳಿಗ್ಗೆ ಅನಿತಾ ಉಡುಪಿನ ಬೆಲ್ಟನ್ನು ಮನೆಯಲ್ಲೇ ಮರೆತು ಬಂದಳು. ಶಾಲೆಯ ಆಫೀಸಿನಿಂದ ಫೋನ್ ಮಾಡಿ, “ಅಣ್ಣಾ, ಮರ್ತೇ ಹೋಯ್ತು ಕಣೋ, ಬೇಗ ತಂದ್ಕೊಡೋ, ಇಲ್ಲಾಂದ್ರೆ ಸಾಲಿಂದ ಆಚೆ ನಿಲ್ಲಿಸ್ತಾರೆ” ಎಂದು ಅತ್ತಳು. ಅಂಗಡಿಯನ್ನು ಮಾವನವರಿಗೆ ವಹಿಸಿ ನಮ್ಮ ಮನೆಯವರು ಬೈಕಿನಲ್ಲಿ ಬಂದರು. ಅದೇ ಹೊತ್ತಿಗೆ ನನಗೆ ಮಂಡಕ್ಕಿ ತಿನ್ನಬೇಕೆನಿಸಿತು. ಆಷಾಢದಲ್ಲಿ ಮಂಡಕ್ಕಿ ತಿನ್ನಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲವಾದ್ದರಿಂದ ಜಗಲಿಯ ಮೇಲೆ ಕುಳಿತಿದ್ದ ನನ್ನ ತಾಯಿ ಬರೀ ಕೆಮ್ಮಿದರು. ಮಂಗಳವಾರ ಟೋಪಿ ಮರೆತುಹೋಯಿತು. ಬುಧವಾರಕ್ಕೆ ಮುಂಚಿತವಾಗಿಯೇ ಅನಿತಾ ಬಂದು, “ಅತ್ತಿಗೆ, ನಾಳೆ ಏನ್ ಮರೀಲಿ ಹೇಳಿ, ಒಂದ್ ಪ್ಲೇಟ್ ಮಂಡಕ್ಕಿ ಕೊಡ್ಸಿದ್ರೆ ಎರಡೂ ಶೂ ಮರೀತೀನಿ” ಎಂದು ವಿನಯದಿಂದ ವಿಚಾರಿಸಿದಳು. ಬುಧವಾರ ಆ ಹುಡುಗಿ ಬರಿಗಾಲಿನಲ್ಲಿ ಬಸ್ ಇಳಿದಳು. ತಮ್ಮ ಶಾಲೆ ಬೆಳೆಸುತ್ತಿರುವ ನಾಯಕತ್ವದ ಗುಣಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಆ ದಿನ ಗಾಡಿಯ ಪಕ್ಕದಲ್ಲಿ ನಿಂತು ನಮ್ಮ ಮನೆಯವರು ನನಗೆ, “ಅಂಗಡೀಗೆ ಹೊಸ ಪೇಂಟು ಬಂದೈತೆ” ಎಂದರು. ಯಾವ ಬಣ್ಣ ಎಂದು ಕೇಳಿದೆ. ಕೈಯಲ್ಲಿದ್ದ ಹೆಲ್ಮೆಟ್ಟಿನೊಳಗೆ ನೋಡುತ್ತ, “ನಮ್ ರೂಮಿಗೆ ಯಾವ್ದು ಬೇಕೋ ನೀನೇ ಆರಿಸು. ನಾಳೆ ಶೇಡ್ ಕಾರ್ಡ್ ತತ್ತೀನಿ” ಎಂದರು. ಮಾನ್ಯರೇ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು; ಪ್ರೇಮದ ಮಾತುಗಳನ್ನು ಬೇಕಾದಷ್ಟು ಓದಿದ್ದೇನೆ. ಇಂಥದ್ದೊಂದನ್ನು ಓದಿರಲಿಲ್ಲ.

ಗುರುವಾರ ತಾವು ಪೋಷಕರ ಅನುಕೂಲಕ್ಕಾಗಿ ಕೌಂಟರ್ ತೆರೆದಿರಿ. ಉಳಿದ ದಿನಗಳ ವೇಷವೆಲ್ಲ ಒಂದೇ ಚೀಲದಲ್ಲಿ ಶಾಲೆಯಲ್ಲೇ ದೊರೆಯುತ್ತದೆ, ಹಣವನ್ನು ಫೋನಿನಲ್ಲೇ ಕಳಿಸಬಹುದು, ಯಾರೂ ಗೇಟಿನವರೆಗೆ ಬರುವ ಶ್ರಮ ಪಡಬೇಕಾಗಿಲ್ಲ ಎಂದು ಪ್ರಕಟಿಸಿದಿರಿ. ಎಂಥ ದೂರದೃಷ್ಟಿ! ಅಜ್ಜಂಪುರದಲ್ಲಿ ನಮ್ಮ ಮನೆಯವರು ಬೆರಳಿನಿಂದ ಫೋನನ್ನು ಒಮ್ಮೆ ಮುಟ್ಟಿದರು, ಅಲ್ಲಿಗೆ ಅವರ ಕರ್ತವ್ಯ ಮುಗಿಯಿತು. ಇಲ್ಲಿ ನಾನು ಹನೀಫ್ ಅವರ ಗಾಡಿಯ ಮುಂದೆ ಒಬ್ಬಳೇ ಮಂಡಕ್ಕಿ ತಿಂದೆ. “ಇನ್ ಮರ್ಯೋಕೂ ಬಿಡಲ್ಲ ಅತ್ತಿಗೆ, ಈ ಇಸ್ಕೂಲ್ನೋರು” ಎಂದು ಅನಿತಾ ಹೇಳಿದ ಮಾತನ್ನು ಒಬ್ಬ ವಿದ್ಯಾರ್ಥಿನಿಯ ಅಭಿಪ್ರಾಯವೆಂದು ದಾಖಲಿಸಿಕೊಳ್ಳಿ.

ಶನಿವಾರದ ಮುಖ್ಯ ಸಮಾರಂಭವಾದರೂ ಇದೆಯಲ್ಲ ಎಂದುಕೊಂಡೆ. ಹಳೆಯ ವಿದ್ಯಾರ್ಥಿಗಳೆಲ್ಲ ಸಭಾಂಗಣದ ಬಾಗಿಲಲ್ಲಿ ಹೂವು ಚುಚ್ಚಿಸಿಕೊಂಡು ಒಳಗೆ ಬರಬೇಕು, ಪೋಷಕರು ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಎಂಬುದು ತಾವು ಹಾಕಿಕೊಟ್ಟ ಸಂಪ್ರದಾಯ. ನಾನು ಮದುವೆಯ ಸೀರೆಗಳಲ್ಲೇ ಒಂದನ್ನು ಉಟ್ಟು ಬಂದೆ. ಬಾಗಿಲ ಬಳಿ ನಮ್ಮ ಅತ್ತೆ ಮಲ್ಲಿಕಾಂಬ ಅವರೂ ನಮ್ಮ ಮನೆಯವರೂ ನಿಂತಿದ್ದರು. ಆಗ ತಿಳಿಯಿತು: ತಮ್ಮ ಸಭಾಂಗಣಕ್ಕೆ ಇರುವುದು ಒಂದೇ ಬಾಗಿಲು, ಅದಕ್ಕೆ ಇರುವುದು ಒಂದೇ ಹೊಸ್ತಿಲು. ನನ್ನ ತಾಯಿ ನನ್ನ ಸೆರಗು ಹಿಡಿದು ನಿಲ್ಲಿಸಿದರು. ನಮ್ಮ ಅತ್ತೆ ತಡಮಾಡದೆ, “ಅವ್ಳು ಓದಿದ್ ಇಸ್ಕೂಲು, ಅವ್ಳೇ ಹೋಗ್ಲಿ ಬಿಡ್ರೀ. ನಾನ್ ಇಲ್ಲೇ ನಿಂತಿರ್ತೀನಿ. ಇಸ್ಕೂಲ್ ಹೊಸ್ತ್ಲು ಲೆಕ್ಕಕ್ಕಿಲ್ಲ ಅನ್ನೋಕೆ ನಾನೇನ್ ಸ್ವಾಮ್ಗಳಾ?” ಎಂದು ಬಾಗಿಲ ಸಜ್ಜಾದ ಕೆಳಗೆ ಸರಿದರು. ಇಷ್ಟು ಒಳ್ಳೆಯ ಅತ್ತೆ ಯಾರಿಗೂ ಸಿಗಬಾರದು, ಏಕೆಂದರೆ ಅಂಥವರನ್ನು ಹೊರಗೆ ಬಿಟ್ಟು ಮಗ ಒಳಗೆ ಬರುವುದಿಲ್ಲ. ನಮ್ಮ ಮನೆಯವರು ತಾಯಿಯ ಪಕ್ಕದಲ್ಲೇ ಕೊಡೆ ಹಿಡಿದು ನಿಂತರು. ನಾನು ವೇದಿಕೆಯ ಮೇಲೆ ಹಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತು, ಮನೆಗೆ ಮರಳುವುದರ ಆನಂದವನ್ನು ಕುರಿತ ತಮ್ಮ ದೀರ್ಘ ಭಾಷಣವನ್ನು ಆಲಿಸಿದೆ.

ಅನಿತಾಳ ನೃತ್ಯದ ಹೊತ್ತಿಗೆ ಅತ್ತೆಯ ಧ್ವನಿ ಹೊರಗಿನಿಂದ ಕೇಳಿಸಿತು: “ಲೇ, ನಾನೇನ್ ಓಡೋಗ್ತೀನೇನೋ? ಒಳಗ್ ಹೋಗಿ ಫೋನ್ನಾಗೆ ತೋರ್ಸೋ ಅವ್ಳ್ ಕುಣಿಯೋದ್ನ!” ನಮ್ಮ ಮನೆಯವರು ಒಳಗೆ ಬಂದರು. ಮಾತೃಭಕ್ತರಾದ್ದರಿಂದ ನೃತ್ಯ ಮುಗಿಯುವವರೆಗೂ ಫೋನನ್ನು ಮುಖದ ಮುಂದಿನಿಂದ ಇಳಿಸಲಿಲ್ಲ. ನಾನು ನೋಡಿದ್ದು ಫೋನಿನ ಬೆನ್ನು ಮತ್ತು ಅದನ್ನು ಹಿಡಿದ ಎರಡು ಕೈಗಳು. ಜೇಬಿನಲ್ಲಿ ಶೇಡ್ ಕಾರ್ಡಿನ ಒಂದು ಮೂಲೆ ಕಾಣುತ್ತಿತ್ತು. ನೃತ್ಯ ಮುಗಿದ ಕೂಡಲೇ ತಾವು ವಂದನಾರ್ಪಣೆಗೆ ಮೊದಲು ಪೋಷಕರು ಹೊರಡಬಹುದು ಎಂದು ಪ್ರಕಟಿಸಿದಿರಿ; ಕಾರ್ಡು ಜೇಬಿನಲ್ಲೇ ಹೊರಗೆ ಹೋಯಿತು.

ಆದ್ದರಿಂದ ನನ್ನ ನಮ್ರ ಕೋರಿಕೆ ಇಷ್ಟೇ. ಹೋಮ್‌ಕಮಿಂಗನ್ನು ಭೀಮನ ಅಮಾವಾಸ್ಯೆಯವರೆಗೆ ವಿಸ್ತರಿಸಬೇಕು. ಕೌಂಟರನ್ನು ಮುಚ್ಚಿ, ಪ್ರತಿಯೊಂದು ಸಾಮಾನನ್ನೂ ಪೋಷಕರು ಖುದ್ದಾಗಿ ಗೇಟಿಗೆ ತಲುಪಿಸಬೇಕೆಂದು ಕಡ್ಡಾಯ ಮಾಡಬೇಕು. ಏಣಿಯ ದಿನ, ನೀರಿನ ಪೈಪಿನ ದಿನ, ಪೇಂಟಿನ ಡಬ್ಬಿಯ ದಿನ ಎಂದು ಮಕ್ಕಳ ಕೈಯಲ್ಲಿ ಹೊರಲಾಗದಂಥ, ಬೈಕಿನವರೇ ತರಬೇಕಾದಂಥ ವಿಷಯಗಳನ್ನು ಗೊತ್ತುಮಾಡಬೇಕು. ಸಾಧ್ಯವಾದರೆ ಈ ವಾರದೊಳಗೆ ಸಭಾಂಗಣಕ್ಕೆ ಇನ್ನೊಂದು ಬಾಗಿಲು ಒಡೆಸಬೇಕು. ಕಬ್ಬಿಣ, ಸಿಮೆಂಟು, ಬಣ್ಣ ಎಲ್ಲವನ್ನೂ ಎಲ್ಲಿಂದ ತರಿಸಬೇಕೆಂದು ನಾನು ಹೇಳಬಲ್ಲೆ. ಅಳತೆ ತೆಗೆದುಕೊಳ್ಳಲು ಅವರೇ ಬರುತ್ತಾರೆ.

ಆಷಾಢ ಕಳೆಯುವವರೆಗೆ ತಮ್ಮ ವಿಶ್ವಾಸಿ,
ಧನ್ಯಶ್ರೀ ಓಂಕಾರೇಶ್

ತಾ.ಕ.: ತಮ್ಮ ಸಮಿತಿ ಈ ಅರ್ಜಿಯನ್ನು ಮುಂದಿನ ತಿಂಗಳ ಸಭೆಯಲ್ಲಿ ಪರಿಶೀಲಿಸುವುದಾದರೆ ದಯವಿಟ್ಟು ಈಗಲೇ ಹರಿದುಹಾಕಿ. ಶ್ರಾವಣದ ಮೊದಲ ದಿನ ನಾನು ಅಜ್ಜಂಪುರದಲ್ಲಿ ಇರುತ್ತೇನೆ. ಅಂದಿನಿಂದ ಅನಿತಾಳ ರಿಬ್ಬನ್ನಿನ ಕಾಸು ನಮ್ಮ ಅಂಗಡಿಯ ಗಲ್ಲಾದಿಂದಲೇ ಹೋಗುವುದರಿಂದ, ಮಕ್ಕಳಿಗೆ ಈ ದುಂದುವೆಚ್ಚ ಕಲಿಸುತ್ತಿರುವ ತಮ್ಮ ವಿರುದ್ಧ ಪೋಷಕರು ಸಲ್ಲಿಸಲಿರುವ ದೂರಿಗೆ ಮೊದಲ ಸಹಿ ನನ್ನದೇ ಆಗಿರುತ್ತದೆ.