ಕರಿಬಸವರಾಜನ ಕಾಕ್‌ಟೇಲು

ಎಲ್ಲಕ್ಕೂ ಮೂಲ ಹರಿಹರದಿಂದ ಬಂದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ. ಅಲ್ಲಿಯ ಕಾರ್ಖಾನೆಯಲ್ಲಿದ್ದ ಗೆಳೆಯ ಬೊಮ್ಮಣ್ಣ, ದೊಡ್ಡ ಸಾಹೇಬರು ಓದಿ ಬಿಸಾಕಿದ್ದನ್ನು ಎತ್ತಿಟ್ಟು ಕರಿಬಸವರಾಜನಿಗೆ ಕೊಡುತ್ತಿದ್ದ. ಕರಿಬಸವರಾಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಎರಡು ತಿಂಗಳಿಗೊಮ್ಮೆ ಹರಿಹರೇಶ್ವರನ ದರ್ಶನಕ್ಕೆ ಹೋಗಿ, ಹೆಂಡತಿಗೆ ಕುಂಕುಮ, ತನಗೊಂದು ಪತ್ರಿಕೆ ಹಿಡಿದು, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಮರಳುವುದು ರೂಢಿ. ಈ ಸಲದ ಪತ್ರಿಕೆಯಲ್ಲಿ ಬಣ್ಣದ ಚಿತ್ರವೊಂದಿತ್ತು: ಉದ್ದನೆಯ ಗಾಜಿನ ಲೋಟ, ನಸುಗೆಂಪು ನೀರು, ಮೇಲೆ ತೇಲುವ ಪುದೀನ ಎಲೆ. ವಸಂತ ಕಾಲಕ್ಕೆ ಮನೆಯಲ್ಲೇ ಮಾಡಬಹುದಾದ ಹಗುರ ಕಾಕ್‌ಟೇಲು ಎಂದು ಕೆಳಗೆ ಬರೆದಿತ್ತು.

ಕರಿಬಸವರಾಜನಿಗೆ ಕುತೂಹಲ ಹುಟ್ಟಿತೆಂದರೆ ಹಲ್ಲುನೋವು ಬಂದ ಹಾಗೆ. ಅದು ತೀರುವವರೆಗೆ ಊಟ ಸೇರದು, ನಿದ್ದೆ ಹತ್ತದು. ಪತ್ರಿಕೆಯಲ್ಲಿ ಜಿನ್ ಎಂಬ ಮದ್ಯ ಹಾಕಿ ಎಂದಿದ್ದ ಕಡೆ ಎಳನೀರು ಹಾಕಿದರಾಯಿತು ಎಂದು ಲೆಕ್ಕ ಹಾಕಿದ. ಪಾನನಿರೋಧದ ಕಾಲ ಅದು. ಅದಕ್ಕಿಂತ ಹೆಚ್ಚಾಗಿ, ಕೆ.ಬಿ. ಬಡಾವಣೆಯಲ್ಲಿ ಅವರಿದ್ದ ಬಾಡಿಗೆ ಮನೆ ಸಿಕ್ಕಿದ್ದೇ ಹೆಣಗಾಡಿ. ಹಿತ್ತಲಲ್ಲೇ ಸಿಹಿನೀರಿನ ಬಾವಿ! ನಿಟ್ಟುವಳ್ಳಿಯಲ್ಲಿದ್ದಾಗ ನಾಲ್ಕು ವರ್ಷ ದೂರದಿಂದ ಕೊಡ ಹೊತ್ತ ಹೆಂಡತಿ ನಿರ್ಮಲಮ್ಮ, ದಿನಾ ಬೆಳಿಗ್ಗೆ ಆ ಬಾವಿಗೆ ಹೂವಿಟ್ಟು ಕೈಮುಗಿಯುತ್ತಿದ್ದಳು. ಮಾಲೀಕ ವಾಮದೇವಪ್ಪನವರು ಹಾಕಿದ್ದ ಷರತ್ತು ಒಂದೇ. "ಮಕ್ಳು ಗೋಡೆ ಮ್ಯಾಲೆ ಗೀಚಿದ್ರೂ ನಡೀತೈತೆ. ಕುಡಿಯೋರು ಮಾತ್ರ ನಮ್ಮ ಮನ್ಯಾಗೆ ಇರಂಗಿಲ್ಲ."

ಯುಗಾದಿಗೆ ಇನ್ನೊಂದು ವಾರವಿದ್ದ ಭಾನುವಾರ, ಕರಿಬಸವರಾಜ ಮುನಾಫನ ಸೋಡಾ ಅಂಗಡಿಗೆ ಹೋಗಿ ಆರು ಗೋಲಿ ಸೋಡಾ, ಒಂದು ತುಂಡು ಐಸು ಕೇಳಿದ.

"ಏನ್ ಸ್ವಾಮೇರಾ, ಮನ್ಯಾಗೆ ಜಲ್ಸಾ ಏನ್ರಿ?"

"ಕಾಕ್‌ಟೇಲ್ ಮಾಡ್ತೀನಪ್ಪ," ಎಂದ ಕರಿಬಸವರಾಜ, ನಾಲ್ಕು ಜನಕ್ಕೆ ಕೇಳುವಂತೆ.

ಎಡವಿದ್ದು ಅಲ್ಲೇ. ಪಕ್ಕದಲ್ಲಿ ಸೋಡಾ ಕುಡಿಯುತ್ತಿದ್ದವರು ತಾಲ್ಲೂಕು ಕಚೇರಿಯ ಸೂರಪ್ಪ, ಎದುರು ಮನೆಯವರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಈ ಪದ ಮಾತ್ರ ಚೆನ್ನಾಗಿ ಗೊತ್ತಿತ್ತು. ಸೋಡಾ ಅರ್ಧಕ್ಕೇ ಬಿಟ್ಟು ಹೊರಟರು.

ಇತ್ತ ಕರಿಬಸವರಾಜ ಹಿತ್ತಲಲ್ಲಿ ಕೂತು ಕಪ್ಪು ದ್ರಾಕ್ಷಿ ಹಿಂಡಿ, ನಿಂಬೆರಸ, ಎಳನೀರು, ಪುದೀನ ಬೆರೆಸಿ, ಸೋಡಾ ಸುರಿದ. ಪಾತ್ರೆಯ ತುಂಬ ನೊರೆ ಎದ್ದಿತು. ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆ ಕಸ್ತೂರಮ್ಮನ ತಲೆಯೂ ಎದ್ದಿತು. "ಅಯ್ಯಯ್ಯೋ ನಿರ್ಮಲಾ, ನೊರಿ ಬರಾಕತ್ತೈತಲ್ಲೇ!"

ಹತ್ತು ನಿಮಿಷದಲ್ಲಿ ಪಡಸಾಲೆ ತುಂಬಿತು. ಸೂರಪ್ಪ, ಕಸ್ತೂರಮ್ಮ, ಭಜನಾ ಮಂಡಳಿಯ ಬಕ್ಕೇಶಪ್ಪ ಮೇಷ್ಟ್ರು, ಕೊನೆಗೆ ಕೊಡೆ ಊರುತ್ತ ವಾಮದೇವಪ್ಪನವರು.

"ಇದು ಬರೀ ಹಣ್ಣಿನ ರಸ ರೀ! ಬೇಕಾದ್ರೆ ಕುಡುದು ನೋಡ್ರಿ," ಎಂದ ಕರಿಬಸವರಾಜ.

"ಕುಡುದ್ರೆ ನಮಗೆ ಹೆಂಗೆ ಗೊತ್ತಾಗ್ತೈತೆ?" ಎಂದರು ಬಕ್ಕೇಶಪ್ಪ ಮೇಷ್ಟ್ರು. "ಅದರ ರುಚಿ ಗೊತ್ತಿದ್ದೋರು ಹೇಳ್ಬೇಕು."

ಮಾತಿನಲ್ಲಿ ನ್ಯಾಯವಿತ್ತು. ವಾಮದೇವಪ್ಪನವರು ಸುತ್ತ ನೋಡಿದರು. "ಗೊತ್ತಿದ್ದೋರು ಯಾರರ ಅದೀರೇನ್ರಿ?"

ಯಾರೂ ಇರಲಿಲ್ಲ. ಸೂರಪ್ಪನವರಿಗಂತೂ ಎದುರು ಮಾಡಿನ ಮೇಲೆ ಕೂತ ಕಾಗೆಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಬಂತು.

ಕೊನೆಗೆ ಗೊತ್ತಿಲ್ಲದವರೇ ಪರೀಕ್ಷೆಗಿಳಿದರು. ಮೇಷ್ಟ್ರು ಒಂದು ಲೋಟ ಕುಡಿದು ಏನೂ ತಿಳಿಯದೆ, ಇನ್ನೊಂದು ಕುಡಿದರು. "ಮೈ ಹಗುರಾದಂಗೆ ಐತೆ. ಇದಾ ಇರಬೌದೇನ್ರಿ ಅದು?" ಬೆಳಗಿನಿಂದ ಬಿಸಿಲಲ್ಲಿ ಶ್ಯಾವಿಗೆ ಒಣಹಾಕಿದ್ದ ಕಸ್ತೂರಮ್ಮ, ತಲೆ ತಿರುಗುತ್ತೆಂದು ಕಂಬ ಹಿಡಿದು ಕೂತರು. ಸೂರಪ್ಪನವರಿಗೆ ಸೋಡಾ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಸಾಕ್ಷಿ ಒಂದೊಂದಾಗಿ ಬೆಳೆಯಿತು.

"ಬ್ಯಾಡ, ಇನ್ನೇನೂ ಹೇಳಬ್ಯಾಡ್ರಿ. ಮನಿ ಖಾಲಿ ಮಾಡ್ರಿ," ಎಂದರು ವಾಮದೇವಪ್ಪ.

ನಿರ್ಮಲಮ್ಮ ಬಾವಿಯ ಕಡೆ ನೋಡಿ ಗೊಳೋ ಎಂದು ಅತ್ತಳು. "ನಮ್ಮನೆಯೋರು ದೇವರಂಥೋರು ರೀ! ಅದು ಯಾವ ಬಣ್ಣ ಅಂತಾನೂ ಅವರಿಗೆ ಗೊತ್ತಿಲ್ಲ!"

ಹೆಂಡತಿಯ ಅಳು ಕೇಳಲಾರದೆ ಕರಿಬಸವರಾಜ ಲೋಟ ಎತ್ತಿ ಗಟಗಟ ಕುಡಿದು ಕೂಗಿದ: "ಏನ್ರಿ ನಿಮ್ಮ ಪರೀಕ್ಷೆ! ಅದನ್ನ ಕುಡುದ್ರೆ ಗಂಟಲಿಂದ ಹೊಟ್ಟೆ ಮಟ ಬೆಂಕಿ ಹಚ್ಚಿದಂಗೆ ಆಗ್ತೈತೆ! ಆ ಘಾಟು, ನಾಲ್ಕು ಎಲೆಅಡಿಕೆ ಹಾಕ್ಕೊಂಡ್ರೂ ಬಾಯಿಂದ ಹೋಗಂಗಿಲ್ಲ! ಇದ್ರಾಗೆ ಅಂಥಾದ್ದು ಏನೈತೆ ಹೇಳ್ರಿ?"

ನಿರ್ಮಲಮ್ಮನ ಅಳು ನಿಂತಿತು.

"ಎಲೆಅಡಿಕೆ," ಎಂದಳು ಅವಳು ನಿಧಾನವಾಗಿ. "ಹರಿಹರೇಶ್ವರನ ದರ್ಶನ ಮುಗಿಸ್ಕೊಂಡು ಹಾಕ್ಕೊಂಡು ಬರ್ತೀರಲ್ಲ, ಅದಾ?"

"ಒಂದೇ ಸಲ ಕಣೇ," ಎಂದ ಕರಿಬಸವರಾಜ. "ಇನ್ನೊಂದು ಸಲ ಬೊಮ್ಮಣ್ಣ ಬಲವಂತ ಮಾಡಿದ್ದು."

ವಾಮದೇವಪ್ಪನವರು ತಾವೇ ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಮೀಸೆ ಒರೆಸಿಕೊಂಡರು. "ಗೊತ್ತಿದ್ದೋರೇ ಹೇಳಿದ ಮ್ಯಾಲೆ ಮುಗೀತು. ಇದು ಶುದ್ಧ ಐತೆ. ಎಲ್ಲಾರೂ ಕುಡೀರಿ."

ಎಲ್ಲರಿಗೂ ಜೀವ ಬಂದಂತಾಯಿತು. ಕಸ್ತೂರಮ್ಮನ ತಲೆ ನೆಟ್ಟಗಾಯಿತು. ಪಾತ್ರೆಯ ತಳದ ಪುದೀನ ಎಲೆಯನ್ನೂ ಬಿಡದೆ ಬಳಿದು, ಬಾಯಿತುಂಬ ಹೊಗಳಿ ಜನ ಹೊರಟರು. ಕರಿಬಸವರಾಜನೂ ಉಸಿರು ಬಿಟ್ಟ.

ವಾಮದೇವಪ್ಪನವರು ಹೊಸ್ತಿಲ ಬಳಿ ನಿಂತು ತಿರುಗಿದರು. "ಯುಗಾದಿ ಆದ ಮಾರನೇ ದಿನ ಮನಿ ಖಾಲಿ ಮಾಡ್ರಿ. ಹೋಗೋಕ್ಕಿಂತ ಮುಂಚೆ, ಇದನ್ನ ಹೆಂಗೆ ಮಾಡೋದು ಅಂತ ಒಂದು ಹಾಳ್ಯಾಗೆ ಬರೆದಿಟ್ಟು ಹೋಗ್ರಿ. ನಮ್ಮನ್ಯಾಗೂ ಭಾಳ ಸೆಕೆ ಐತೆ."