ಬರ್ತೇನ್ರಿ, ಸರ್

ಇಳಕಲ್ಲಿನ ನಿಂಗರಾಜನ ಸಂಕಟ ಶುರುವಾದದ್ದು ಒಂದು ಶೇವಿಂಗ್ ಬ್ಲೇಡಿನಿಂದ.

"ಅವ್ವಾ, ಬ್ಲೇಡ್ ತರಾಕ ಹೋಗ್ತೇನಿ" ಎಂದು ಹೊಸ್ತಿಲು ದಾಟಿದವನನ್ನು ತಾಯಿ ಸೋಮವ್ವ ಅಂಗಿ ಹಿಡಿದು ಒಳಗೆಳೆದಳು.

"ಇವತ್ತ ನೌಕರಿ ಮಾತಾಡೋ ದಿನ. ಹೋಗ್ತೇನಿ ಅಂತಾರೇನು? ಬರ್ತೇನಿ ಅನ್ನು. ಕುಂದ್ರು, ನೀರ್ ಕುಡಿ, ಆಮ್ಯಾಲ ಹೊಂಡು."

ಪೈಲಟ್ ಲೈಸೆನ್ಸ್ ಇದ್ದ ಮಗ ತೆಪ್ಪಗೆ ಕೂತು ನೀರು ಕುಡಿದ. ಲೈಸೆನ್ಸ್ ಬಂದಾಗಿನಿಂದ ಅವನು ಮನೆಯಲ್ಲೇ ಇದ್ದ. ಕಂಪನಿಗಳೆಲ್ಲ ಅನುಭವ ಕೇಳುತ್ತಿದ್ದವು. ಅನುಭವ ಆಗಬೇಕಾದರೆ ಯಾರಾದರೂ ವಿಮಾನ ಕೊಡಬೇಕಲ್ಲ ಎಂಬುದು ಅವಕ್ಕೆ ಹೊಳೆದಿರಲಿಲ್ಲ. ಕೊನೆಗೊಂದು ಸಣ್ಣ ಕಂಪನಿ ಫೋನಿನಲ್ಲೇ ಸಂದರ್ಶನಕ್ಕೆ ಒಪ್ಪಿತ್ತು. ಇದೂ ಕೈತಪ್ಪಿದರೆ ನಾಳೆಯಿಂದ ಸೋದರಮಾವ ಹನಮಂತಪ್ಪನ ಅಂಗಡಿಯಲ್ಲಿ ಸೀರೆ ಮಡಚುತ್ತ ಕೂರಬೇಕು. ಕೂರುವ ಜಾಗವನ್ನೂ ಮಾವ ತೋರಿಸಿಟ್ಟಿದ್ದ.

"ಸೋಮವ್ವ ಅನ್ನೂದು ಖರೆ ಐತಿ" ಎಂದಳು ಪಕ್ಕದ ಮನೆಯ ದಸ್ತಗೀರಬಿ. "ನನ್ನ ಅಳಿಯಾ ದುಬೈಗೆ ಹೋಗ್ತೇನಿ ಅಂದು ಹ್ವಾದ. ಇನ್ನೂ ಅಲ್ಲೇ ಅದಾನ."

"ಅವನ ನೌಕರಿ ಅಲ್ಲೇ ಐತೆಲ್ಲ, ಚಾಚಿ."

"ಅದನ್ನ ನಾನೂ ಹೇಳೂದು."

ಅಲ್ಲಿಂದ ಮನೆಯಲ್ಲಿ 'ಹೋಗು' ಎಂಬ ಮಾತಿಗೇ ನಿಷೇಧ ಬಿತ್ತು. ಸಂದರ್ಶನದ ಹೊತ್ತಿಗೆ ಸರಿಯಾಗಿ ನಿಂಗರಾಜ "ಕರೆಂಟ್ ಹೋತು" ಎಂದದ್ದಕ್ಕೂ ಬೈಸಿಕೊಂಡ. ಫೋನಿನಲ್ಲಿ ಉಳಿದಿದ್ದ ಚೂರು ಚಾರ್ಜು ಹಿಡಿದು, ಸಿಗ್ನಲ್ ಸಿಗುವ ಮಾಳಿಗೆಗೆ ಓಡಿದ. ಹಿಂದೆಯೇ ಅವ್ವ, ಚಾಚಿ, ಫಲಿತಾಂಶ ಕೇಳಲು ಬಂದಿದ್ದ ಮಾವ, ಮೂವರೂ ಬಂದು ಒಣಹಾಕಿದ ಶೇಂಗಾದ ಸುತ್ತ ಕುಳಿತರು. ಸ್ಪೀಕರ್ ಹಾಕಲೇಬೇಕೆಂದು ಅವ್ವ ಹಟ ಹಿಡಿದಳು.

ಫೋನ್ ಬಂತು. ಸಂದರ್ಶನ ಮಾಡುವ ಕ್ಯಾಪ್ಟನ್ನರದು ಗಡಸು ದನಿ. ಎಂಜಿನ್, ಗಾಳಿ, ಮೋಡ, ಇಂಧನ ಅಂತ ಒಂದರ ಹಿಂದೊಂದು ಪ್ರಶ್ನೆ. ನಿಂಗರಾಜನ ಬೆನ್ನು ಬೆವರಿಗೆ ತೊಯ್ದಿತು. ಉತ್ತರ ಮಾತ್ರ ಒಂದೂ ತಪ್ಪಲಿಲ್ಲ.

"ಕೊನೆಯ ಪ್ರಶ್ನೆ. ಇಳಿಯಲು ಬರುತ್ತಿದ್ದೀರಿ. ರನ್‌ವೇ ಮೇಲೆ ಎಮ್ಮೆ ನಿಂತಿದೆ. ನಾನೇ ಕಂಟ್ರೋಲ್ ಟವರ್ ಅಂದುಕೊಳ್ಳಿ. ಏನು ಹೇಳುತ್ತೀರಿ?"

ಇಳಿಯದೆ ಮತ್ತೆ ಮೇಲೇರುವಾಗ 'ಗೋಯಿಂಗ್ ಅರೌಂಡ್' ಎನ್ನಬೇಕು. ನಿದ್ದೆಯಲ್ಲೂ ಹೇಳಬಲ್ಲ ಮಾತು. "ಗೋ..." ಎಂದವನೇ ಅವ್ವನ ಮುಖ ನೋಡಿದ. 'ಗೋ' ಎಂದರೆ ಹೋಗು ಎಂಬಷ್ಟು ಇಂಗ್ಲಿಷ್ ಅವಳಿಗೂ ಬರುತ್ತಿತ್ತು. ಅವಳ ಕಣ್ಣು ದೊಡ್ಡವಾದವು.

"ಬರ್ತೇನ್ರಿ, ಸರ್" ಎಂದುಬಿಟ್ಟ.

"ಎಮ್ಮೆ ಇದ್ದರೂ ಬರ್ತೀರಾ?"

"ಇಲ್ರಿ ಸರ್, ಅಲ್ಲಿಂದ ಹೊಂಟಬಿಡ್ತೇನ್ರಿ. ನಮ್ಮ ಕಡೆ ಬರ್ತೇನಿ ಅಂದ್ರ ಹೋಗ್ತೇನಿ ಅಂತ ಅರ್ಥರಿ."

ಹನಮಂತಪ್ಪ ಒಂದು ಶೇಂಗಾ ಸುಲಿದು ನೆಮ್ಮದಿಯಿಂದ ಬಾಯಿಗೆ ಹಾಕಿಕೊಂಡ. ಆಮೇಲೆ ಫೋನಿನೊಳಗಿಂದ ನಗು ಕೇಳಿತು.

"ಅದನ್ನ ನನಗ ಹೇಳ್ತೀರೇನು? ನಾ ನಿಮ್ಮ ಬಾಜೂಕಿನ ಹುನಗುಂದದಾಂವ. ನಮ್ಮವ್ವನೂ ಹೋಗ್ತೇನಿ ಅನ್ನಾಕ ಬಿಡ್ತಿದ್ದಿಲ್ಲ. ನೀವು ಪಾಸ್ ಆದ್ರಿ." ದನಿ ಮತ್ತೆ ಗಂಭೀರವಾಯಿತು. "ಆದ್ರ ಕೆಲಸ ಇರೂದು ದೂರದ ಗುಡ್ಡಗಾಡಿನ್ಯಾಗ. ಚಳಿ, ಮಂಜು, ರೊಟ್ಟಿ ಸಿಗೂದಿಲ್ಲ. ಮನಸ್ಸಿಲ್ಲಂದ್ರ ಈಗ ಹೇಳಿ ಫೋನ್ ಇಟ್ಟಬಿಡ್ರಿ. ನಾ ಏನೂ ತಿಳ್ಕೊಳ್ಳೂದಿಲ್ಲ."

"ಬರ್ತೇನ್ರಿ, ಸರ್" ಎಂದ ನಿಂಗರಾಜ, ಖುಷಿಗೆ ದನಿ ನಡುಗುತ್ತಿತ್ತು.

ಕ್ಯಾಪ್ಟನ್ ಕ್ಷಣ ತಡೆದರು. "ಆತು, ಬರ್ರಿ" ಎಂದರು. ಫೋನ್ ಕಟ್ಟಾಯಿತು.

ಸೋಮವ್ವ ಮಗನ ದೃಷ್ಟಿ ತೆಗೆದಳು. ದಸ್ತಗೀರಬಿ ಅವನ ಬಾಯಿಗೆ ಸಕ್ಕರೆ ಹಾಕಿದಳು. ಯಾವತ್ತು ಬರಬೇಕೆಂದು ಕೇಳುವುದೇ ಮರೆತಿತ್ತೆಂದು ನಿಂಗರಾಜ ತಿರುಗಿ ಫೋನ್ ಮಾಡಿದ.

"ಯಾವತ್ತ ಬರೂದು ಅಂದ್ರ?" ಕ್ಯಾಪ್ಟನ್ನರಿಗೆ ಆಶ್ಚರ್ಯ. "ನೀವು ಬರ್ತೇನಿ ಅಂದ್ರೆಲ್ಲ. ಬರ್ತೇನಿ ಅಂದ್ರ ಹೋಗ್ತೇನಿ ಅಂತ ನೀವ ಹೇಳಿದ್ರಿ. ಮನಸ್ಸಿಲ್ಲ ಅಂತ ತಿಳ್ಕೊಂಡು ಆ ಸೀಟು ಈಗಷ್ಟ ಇನ್ನೊಬ್ಬರಿಗೆ ಕೊಟ್ಟೆ. ಅವರು ಗುಡ್ಡಗಾಡಿಗೆ ಹೋಗ್ತೇನಿ ಅಂತ ಸ್ಪಷ್ಟ ಹೇಳಿದ್ರು ನೋಡ್ರಿ."

ಅಷ್ಟಕ್ಕೆ ಫೋನಿನ ಚಾರ್ಜೂ ಮುಗಿಯಿತು. ಹನಮಂತಪ್ಪ ಶೇಂಗಾ ಸಿಪ್ಪೆ ಝಾಡಿಸಿ ಎದ್ದ.

"ನಾಳಿಂದ ಅಂಗಡಿಗೆ ಬರ್ತೀ ಇಲ್ಲಲೇ?"

ಉತ್ತರ ಕೊಡಲು ನಿಂಗರಾಜ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, ಸುಮ್ಮನೆ ತಲೆಯಾಡಿಸಿದ.